ಬೆಳವಣಿಗೆ ಹಾರ್ಮೋನ್ ಚುಚ್ಚುಮದ್ದಿನ ಬಗ್ಗೆ

ಒಂಬತ್ತು ವರ್ಷದ ಮಗನಿಗೆ ಬೆಳವಣಿಗೆ ಹಾರ್ಮೋನಿನ ಕೊರತೆಯಿದೆ ಎಂದಿದ್ದಾರೆ, ಚುಚ್ಚುಮದ್ದು ಕೊಡಿಸಿದರೆ ಮಿದುಳಿನ ಕಾಯಿಲೆ ಬರುತ್ತದೆ ಎಂದು ಬಂಧುಗಳು ಹೆದರಿಸುತ್ತಿದ್ದಾರೆ ಎಂದು ಬರೆದಿದ್ದೀರಿ.

ಬಂಧುಗಳ ಮಾತು ಸುಳ್ಳಲ್ಲ, ಆದರೆ ಹಳೆಯದು. 1985ರವರೆಗೆ ಈ ಹಾರ್ಮೋನನ್ನು ಮೃತರ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದರು. ಅದನ್ನು ಪಡೆದ ಕೆಲವರಿಗೆ ವರ್ಷಗಳ ನಂತರ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಾರಕ ಮಿದುಳಿನ ರೋಗ ಬಂತು. ಈಗಿನ ಔಷಧ ಜೈವಿಕ ತಂತ್ರಜ್ಞಾನದಿಂದ ತಯಾರಾಗುತ್ತದೆ. ಮೃತದೇಹದ ಅಂಶ ಅದರಲ್ಲಿ ಇಲ್ಲವೇ ಇಲ್ಲ.

ಹಾಗೆಂದು ಕಣ್ಣುಮುಚ್ಚಿ ಕೊಡುವ ಔಷಧವೂ ಅಲ್ಲ. ಬಿಡದ ತಲೆನೋವು, ವಾಂತಿ, ದೃಷ್ಟಿ ಮಸುಕಾಗುವುದು, ಸೊಂಟ ಅಥವಾ ಮಂಡಿ ನೋವಿನಿಂದ ಕುಂಟುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, ಅಂದೇ ವೈದ್ಯರಿಗೆ ತಿಳಿಸಿ. ಥೈರಾಯ್ಡ್, ಸಕ್ಕರೆ, ಐಜಿಎಫ್-1 (ಬೆಳವಣಿಗೆ ಹಾರ್ಮೋನಿನ ಪ್ರಭಾವ ತೋರಿಸುವ ರಕ್ತದ ಅಂಶ) ಪ್ರಮಾಣ, ಬೆನ್ನುಮೂಳೆಯ ಬಾಗುವಿಕೆ ಇವುಗಳ ಮೇಲೆ ನಿಗಾ ಇರಬೇಕು. ಮಗುವಿಗೆ ಹಿಂದೆ ಗಡ್ಡೆ ಅಥವಾ ಕ್ಯಾನ್ಸರ್ ಆಗಿದ್ದರೆ ಅದನ್ನು ಮೊದಲೇ ಹೇಳಲೇಬೇಕು.

ಕೊರತೆ ನಿಜವಾಗಿದ್ದರೆ ಫಲ ಚೆನ್ನಾಗಿಯೇ ಇರುತ್ತದೆ. ವರ್ಷಕ್ಕೆ ನಾಲ್ಕು ಸೆಂಟಿಮೀಟರೂ ಬೆಳೆಯದ ಮಕ್ಕಳು ಮೊದಲ ವರ್ಷದಲ್ಲೇ ಎಂಟರಿಂದ ಹನ್ನೆರಡು ಸೆಂಟಿಮೀಟರ್ ಬೆಳೆಯುವುದುಂಟು. ಕೊರತೆಯಿಲ್ಲದೆ, ಕಾರಣ ತಿಳಿಯದೆ ಕುಳ್ಳಗಿರುವ ಮಕ್ಕಳಲ್ಲಿ ಲಾಭ ಕಡಿಮೆ: ವರ್ಷಗಟ್ಟಲೆ ಚುಚ್ಚಿಸಿಕೊಂಡರೂ ಕೊನೆಯ ಎತ್ತರಕ್ಕೆ ಸೇರುವುದು ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್. ಆದ್ದರಿಂದ ಉತ್ತೇಜನ ಪರೀಕ್ಷೆಯ (ಔಷಧ ಕೊಟ್ಟು ದೇಹ ಎಷ್ಟು ಬೆಳವಣಿಗೆ ಹಾರ್ಮೋನ್ ಸ್ರವಿಸುತ್ತದೆ ಎಂದು ನೋಡುವ ಪರೀಕ್ಷೆ) ವರದಿ, ಮೂಳೆಯ ಬೆಳವಣಿಗೆ ತಿಳಿಸುವ ಎಡಗೈ ಎಕ್ಸ್‌ರೇ, ಪಿಟ್ಯುಟರಿಯ ಎಂಆರ್‌ಐ ಆಗಿವೆಯೇ ನೋಡಿ. ಆಗಿರದಿದ್ದರೆ ಮಕ್ಕಳ ಹಾರ್ಮೋನ್ ತಜ್ಞರೊಬ್ಬರನ್ನು ಈ ತಿಂಗಳೇ ಕಾಣಿ. ಎಲುಬಿನ ಬೆಳವಣಿಗೆಯ ತುದಿಗಳು ಮುಚ್ಚಿಕೊಂಡ ಮೇಲೆ ಈ ಔಷಧದಿಂದ ಎತ್ತರ ಹೆಚ್ಚುವುದಿಲ್ಲ.