ಎರಡು ಕೊಟೇಶನ್‌ಗಳ ನಡುವೆ ಆರಿಸುವ ಮೊದಲು ತಾರಸಿ ಹತ್ತಿ ದಕ್ಷಿಣಕ್ಕೆ ನೋಡಿ

ಮೂರು ಕಿಲೋವ್ಯಾಟ್ ಸೋಲಾರ್‌ಗೆ ಒಬ್ಬರು 1.60 ಲಕ್ಷ, ಇನ್ನೊಬ್ಬರು 1.90 ಲಕ್ಷ ಹೇಳಿದ್ದಾರೆ, ಕಡಿಮೆ ಹೇಳಿದವರಿಗೇ ಕೊಡಲಾ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ನನಗೆ 2024ರ ಮೇ ತಿಂಗಳು ನೆನಪಾಯಿತು. ಆಗ ನನ್ನ ಕೈಯಲ್ಲೂ ಎರಡು ಹಾಳೆ ಇದ್ದವು. ಒಂದರಲ್ಲಿ 1,72,000. ಇನ್ನೊಂದರಲ್ಲಿ 2,00,000. ಪ್ಯಾನೆಲ್ ಎರಡರಲ್ಲೂ ಒಂದೇ, 540 ವ್ಯಾಟ್‌ನ ಆರು. ಇನ್ವರ್ಟರ್ ಕೂಡ ಹೆಚ್ಚುಕಡಿಮೆ ಒಂದೇ.

28 ಸಾವಿರ ಯಾಕೆ ಜಾಸ್ತಿ ಅಂತ ಎರಡನೆಯವರನ್ನು ಕೇಳಿದೆ. "ನಾವು ಪ್ಯಾನೆಲ್ ಕೂರಿಸೋ ಸ್ಟ್ರಕ್ಚರ್ ಒಂಬತ್ತು ಅಡಿ ಎತ್ತರಕ್ಕೆ ಕೊಡ್ತೀವಿ ಸರ್" ಅಂದರು. ಮೊದಲನೆಯವರನ್ನು ಕೇಳಿದರೆ, "ಅದೆಲ್ಲ ಯಾಕೆ ಸರ್, ನಿಮ್ಮ ತಾರಸಿ ಮೇಲೆ ನೆರಳೇ ಇಲ್ವಲ್ಲ" ಅಂದರು. ನಾನೂ ನೋಡಿದೆ. ನಿಜವಾಗಿಯೂ ಇರಲಿಲ್ಲ. ಅಮ್ಮ ಅವತ್ತು ಅದೇ ಜಾಗದಲ್ಲಿ ಸಂಡಿಗೆ ಒಣಹಾಕಿದ್ದರು. ಬರಿಗಾಲಲ್ಲಿ ನಿಲ್ಲೋಕೆ ಆಗದಂಥ ಬಿಸಿಲು. 1,72,000ದವರಿಗೆ ಮುಂಗಡ ಕೊಟ್ಟೆ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಎರಡು ಕೊಟೇಶನ್‌ಗಳ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ ಇದೆ.

ನಮ್ಮ ಮನೆ ದಾವಣಗೆರೆಯಲ್ಲಿ. ತಾರಸಿಯ ದಕ್ಷಿಣ ತುದಿಯಲ್ಲಿ ಮೆಟ್ಟಿಲು ಬಂದು ಸೇರುವ ಸಣ್ಣ ಕೋಣೆ ಇದೆ, ಎಂಟು ಅಡಿ ಎತ್ತರ. ಅದರ ಮೇಲೆ ಸಾವಿರ ಲೀಟರ್‌ನ ನೀರಿನ ಟ್ಯಾಂಕು, ಇನ್ನೊಂದು ನಾಲ್ಕು ಅಡಿ. ಒಟ್ಟು ಹನ್ನೆರಡು ಅಡಿ. ಅಲ್ಲಿಂದ ಉತ್ತರಕ್ಕೆ ಆರು ಅಡಿ ಬಿಟ್ಟು ಪ್ಯಾನೆಲ್ ಕೂರಿಸಿದರು, ಸ್ಟ್ರಕ್ಚರ್ ನೆಲದಿಂದ ಎರಡೇ ಅಡಿ. ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಒಂಚೂರು ಉತ್ತರಕ್ಕೇ ಇರುತ್ತಾನೆ. ಆಗ ಟ್ಯಾಂಕಿನ ನೆರಳು ಬಿದ್ದರೂ ದಕ್ಷಿಣಕ್ಕೆ, ಪಕ್ಕದ ಮನೆ ಕಡೆ. ಪ್ಯಾನೆಲ್ ಹತ್ತಿರ ಸುಳಿಯುವುದೇ ಇಲ್ಲ.

ಡಿಸೆಂಬರ್‌ನಲ್ಲಿ ಎಲ್ಲ ಉಲ್ಟಾ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣದ ಕೊನೆ ಮುಟ್ಟಿರುತ್ತಾನೆ. ದಾವಣಗೆರೆಯಲ್ಲಿ ನಡು ಮಧ್ಯಾಹ್ನವೂ 52 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಹನ್ನೆರಡು ಅಡಿಯ ವಸ್ತುವಿಗೆ ಮಧ್ಯಾಹ್ನವೇ ಒಂಬತ್ತು ಅಡಿ ನೆರಳು, ಅದೂ ನೇರ ಉತ್ತರಕ್ಕೆ. ಬೆಳಿಗ್ಗೆ ಒಂಬತ್ತೂವರೆಗೆ ಹತ್ತೊಂಬತ್ತು ಅಡಿಯ ಹತ್ತಿರ. ನಮ್ಮಲ್ಲಿ ಬೆಳಿಗ್ಗೆ ಪಶ್ಚಿಮದ ಪ್ಯಾನೆಲ್‌ಗಳ ಮೇಲೆ ಬೀಳುತ್ತಿತ್ತು, ಮಧ್ಯಾಹ್ನ ನಡುವಿನವುಗಳ ಮೇಲೆ, ಸಂಜೆ ಪೂರ್ವದವುಗಳ ಮೇಲೆ. ದಿನವಿಡೀ ಯಾವುದಾದರೂ ಒಂದರ ಮೇಲೆ ನೆರಳು.

ಒಂದೆರಡು ಪ್ಯಾನೆಲ್‌ಗೆ ತಾನೇ, ಏನಾಗುತ್ತೆ ಅನ್ನಬೇಡಿ. ಮನೆಗೆ ಮೋಲ್ಡ್ ಹಾಕುವ ದಿನ ಕಾಂಕ್ರೀಟ್ ಬಾಂಡ್ಲಿ ಕೈಯಿಂದ ಕೈಗೆ ಹೋಗುವುದು ನೋಡಿದ್ದೀರಲ್ವಾ? ಸಾಲಿನಲ್ಲಿ ಒಬ್ಬನ ಕೈ ನಿಧಾನವಾದರೆ ಇಡೀ ಸಾಲು ನಿಧಾನ. ಆರು ಪ್ಯಾನೆಲ್‌ಗಳನ್ನು ಹಾಗೇ ಒಂದೇ ಸರದಲ್ಲಿ ಪೋಣಿಸಿರುತ್ತಾರೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟು ಹರಿಯಲಿ ಅಂತ ಒಳಗೆ ಬೈಪಾಸ್ ಡಯೋಡ್ ಇರುತ್ತವೆ, ಅದರಿಂದ ಪೂರ್ತಿ ನಿಲ್ಲುವುದಿಲ್ಲ. ಆದರೆ ಒಂದು ಅಂಗೈ ಅಗಲದ ನೆರಳು ಬಿದ್ದರೂ ಆ ಪ್ಯಾನೆಲ್‌ನ ಮೂರನೇ ಒಂದು ಭಾಗ ಲೆಕ್ಕದಿಂದ ಹೊರಗೆ ಹೋಗಬಹುದು.

ಇದೆಲ್ಲ ನನಗೆ ಗೊತ್ತಾಗಿದ್ದು ತಡವಾಗಿ. ಜೂನ್, ಜುಲೈನಲ್ಲಿ ಯೂನಿಟ್ ಕಡಿಮೆ ಬಂದಾಗ ಮೋಡ ಅಂದುಕೊಂಡೆ, ಅದು ಸರಿಯೇ ಇತ್ತು. ಸೆಪ್ಟೆಂಬರ್‌ನಲ್ಲಿ ದಿನಕ್ಕೆ ಹನ್ನೆರಡು ಯೂನಿಟ್ ಬಂತು. ಖುಷಿಯಾಯಿತು. ನವೆಂಬರ್ ನಡುವಿನಿಂದ ಆಕಾಶ ತಿಳಿಯಾಗಿದ್ದರೂ ಎಂಟಕ್ಕೆ ಇಳಿಯಿತು, ಡಿಸೆಂಬರ್‌ನಲ್ಲಿ ಏಳು. ಹಾಕಿದವರಿಗೆ ಫೋನ್ ಮಾಡಿದೆ. ಧೂಳು ಕೂತಿರುತ್ತೆ, ತೊಳೆಯಿರಿ ಅಂದರು. ತೊಳೆದೆ. ಮೂರು ಭಾನುವಾರ ತೊಳೆದೆ. ಏಳೇ.

ಕ್ರಿಸ್‌ಮಸ್ ರಜೆಯಲ್ಲಿ ಒಂದು ದಿನ ಅಮ್ಮನ ಜೊತೆ ಮೇಲೆ ಹೋಗಿದ್ದೆ. ಬ್ಯಾಡಗಿ ಮೆಣಸಿನಕಾಯಿ ತಂದಿದ್ದೆವು, ಹಳೇ ಸೀರೆ ಹಾಸಿ ಹರವಿದ್ದರು. ಹತ್ತು ಗಂಟೆಗೆ ಸೀರೆಯನ್ನು ಒಂದು ಕಡೆ ಎಳೆದರು. ಹನ್ನೊಂದೂವರೆಗೆ ಮತ್ತೆ ಎಳೆದರು. ಯಾಕಮ್ಮಾ ಪದೇ ಪದೇ ಅಂತ ಕೇಳಿದೆ. "ಟ್ಯಾಂಕಿನ ನೆರಳು ಬೆನ್ನು ಹತ್ತೇತಲ್ಲಪ್ಪ. ಚಳಿಗಾಲದಾಗ ಯಾವಾಗ್ಲೂ ಈ ಕಡೀಗೇ ಬೀಳ್ತೈತಿ" ಅಂದರು. ಸೀರೆಯ ಅಂಚಿನ ಮೇಲೆ ನೆರಳಿನ ಗೆರೆ ಇತ್ತು. ಅದೇ ಗೆರೆ ಮುಂದೆ ಹೋಗಿ ನಾಲ್ಕನೇ ಪ್ಯಾನೆಲ್‌ನ ಮೇಲೆ ಹತ್ತಿತ್ತು. ಮೂವತ್ತು ವರ್ಷದಿಂದ ಆ ತಾರಸಿ ಮೇಲೆ ಎಲ್ಲಿ, ಯಾವ ತಿಂಗಳು, ಎಷ್ಟು ಹೊತ್ತು ಬಿಸಿಲು ಅಂತ ಅವರಿಗೆ ಗೊತ್ತಿತ್ತು. ಸೋಲಾರ್ ಹಾಕುವಾಗ ನಾನು ಅವರನ್ನು ಒಂದು ಮಾತು ಕೇಳಿರಲಿಲ್ಲ. ಇವತ್ತಿಗೂ ನನಗೆ ಬೇಜಾರು ಆ ಒಂದು ವಿಷಯಕ್ಕೇ.

2025ರ ಫೆಬ್ರವರಿಯಲ್ಲಿ ಎಲ್ಲ ಬಿಚ್ಚಿಸಿ, ಒಂಬತ್ತು ಅಡಿಗೆ ಹೊಸ ಸ್ಟ್ರಕ್ಚರ್ ಕಟ್ಟಿಸಿದೆ. ಪೈಪು, ವೆಲ್ಡಿಂಗ್, ಮತ್ತೆ ವೈರಿಂಗ್ ಸೇರಿ 46 ಸಾವಿರ. ಅಲ್ಲಿಗೂ ಮುಗಿಯಲಿಲ್ಲ. ಹಳೇ ಸ್ಟ್ರಕ್ಚರ್‌ನ ಎಂಟು ಕಾಲಿಗೆ ನಾಲ್ಕರಂತೆ ತಾರಸಿಗೆ 32 ತೂತು ಕೊರೆದು ಬೋಲ್ಟ್ ಹಾಕಿದ್ದರು. ಬೋಲ್ಟ್ ಕಿತ್ತ ಮೇಲೆ ಸಿಮೆಂಟ್ ಮೆತ್ತಿ ಹೋದರು. ಆ ಮಳೆಗಾಲಕ್ಕೆ ದೇವರ ಮನೆಯ ಚಾವಣಿಯಲ್ಲಿ ತಟ್ಟೆಯಗಲ ಒದ್ದೆ. ವಾಟರ್‌ಪ್ರೂಫಿಂಗ್‌ಗೆ 8 ಸಾವಿರ. ಮೊದಲ ಚಳಿಗಾಲದಲ್ಲಿ ಕಳೆದುಕೊಂಡ ಯೂನಿಟ್‌ಗಳದ್ದು ಸುಮಾರು 3 ಸಾವಿರ. ಒಟ್ಟು 57 ಸಾವಿರ. ಮೊದಲೇ ಕೊಟ್ಟಿದ್ದರೆ 28 ಸಾವಿರದಲ್ಲಿ ಮುಗಿಯುತ್ತಿತ್ತು.

ಎತ್ತರಿಸಿದ ಮೇಲೆ ಟ್ಯಾಂಕು ಪ್ಯಾನೆಲ್‌ಗಿಂತ ಮೂರೇ ಅಡಿ ಮೇಲಿದೆ, ಅದರ ನೆರಳು ಪ್ಯಾನೆಲ್ ಮುಟ್ಟುವುದಿಲ್ಲ. ಕಳೆದ ಡಿಸೆಂಬರ್‌ನಲ್ಲಿ ದಿನಕ್ಕೆ ಹನ್ನೆರಡೂವರೆ ಯೂನಿಟ್ ಬಂದಿದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಿಲೋವ್ಯಾಟ್‌ಗೆ ಎಷ್ಟು ರೂಪಾಯಿ ಅಂತ ಹೋಲಿಸುವುದೇ ತಪ್ಪು ಲೆಕ್ಕ. ನಿಮ್ಮ ತಾರಸಿಯ ಮೇಲೆ ಆ ಪ್ಯಾನೆಲ್ ವರ್ಷಕ್ಕೆ ಎಷ್ಟು ಯೂನಿಟ್ ಕೊಡುತ್ತದೆ ಅಂತ ಕೇಳಿ. ಎರಡೂ ಕಂಪನಿಯವರಿಂದ ತಿಂಗಳುವಾರು ಯೂನಿಟ್ ಅಂದಾಜು ಬರೆಸಿಕೊಳ್ಳಿ, ಡಿಸೆಂಬರ್ ಸಾಲನ್ನು ಮೊದಲು ಓದಿ. ಬರೆದುಕೊಡಲ್ಲ ಅನ್ನುವವರನ್ನು ಬಿಡಿ. ದಕ್ಷಿಣದಲ್ಲಿ ಟ್ಯಾಂಕು, ಗೋಡೆ, ತೆಂಗಿನಮರ, ಪಕ್ಕದವರ ಮಹಡಿ ಏನೇ ಇರಲಿ, ಅದು ಪ್ಯಾನೆಲ್‌ಗಿಂತ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬಿಡಿ. ಬಿಡೋಕೆ ಜಾಗ ಇಲ್ಲ ಅಂದರೆ ಸ್ಟ್ರಕ್ಚರ್ ಎತ್ತರಿಸಿ. ಕಾಲುಗಳನ್ನು ತಾರಸಿ ಕೊರೆದು ಕೂರಿಸೋಕೆ ಬಿಡಬೇಡಿ, ಸಣ್ಣ ಕಾಂಕ್ರೀಟ್ ಕಟ್ಟೆ ಕಟ್ಟಿ ಅದರಲ್ಲಿ ನಿಲ್ಲಿಸಲಿ.

ಇನ್ನು ದುಡ್ಡಿನ ಮಾತು. ನಿಮ್ಮ ಬಳಕೆ ತಿಂಗಳಿಗೆ 320 ಯೂನಿಟ್ ಅಂದಿದ್ದೀರಿ. 200ರ ಒಳಗಿದ್ದು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಸೋಲಾರ್ ಬೇಡವೇ ಬೇಡ ಅನ್ನುತ್ತಿದ್ದೆ. ನಿಮಗೆ ಮೂರು ಕಿಲೋವ್ಯಾಟ್ ಸರಿಯಾಗಿದೆ. ಒಂದು ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಐದು ಕಿಲೋವ್ಯಾಟ್ ಹಾಕಿ ಅಂತ ಒತ್ತಾಯ ಮಾಡುತ್ತಾರೆ, ಹಾಕಬೇಡಿ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ. 78 ಸಾವಿರಕ್ಕೆ ನಿಂತುಬಿಡುತ್ತದೆ. ಐದು ಹಾಕಿದರೂ ಅಷ್ಟೇ.

ಆ ಸಬ್ಸಿಡಿ ಕೆಲಸ ಮುಗಿದು ನೆಟ್ ಮೀಟರ್ (ಲೈನಿಗೆ ಕೊಟ್ಟ, ಲೈನಿನಿಂದ ತೆಗೆದುಕೊಂಡ ಯೂನಿಟ್ ಎರಡನ್ನೂ ಅಳೆಯುವ ಮೀಟರ್) ಕೂತ ಮೇಲೆ ನಿಮ್ಮ ಖಾತೆಗೆ ಬರುತ್ತದೆ. ಮೊದಲು ಪೂರ್ತಿ ದುಡ್ಡು ನೀವೇ ಹೊಂದಿಸಬೇಕು. 1.60 ಅನ್ನುವುದು ಸಬ್ಸಿಡಿ ಕಳೆಯುವ ಮುಂಚೆಯೋ ಆಮೇಲೋ, ಬಾಯಿಬಿಟ್ಟು ಕೇಳಿ. ಪ್ಯಾನೆಲ್ ಡಿಸಿಆರ್ ಹೌದಾ ಅಂತಲೂ ಕೇಳಿ, ಅಂದರೆ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಇಲ್ಲದಿದ್ದರೆ ಸಬ್ಸಿಡಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಕೊಟೇಶನ್‌ನಲ್ಲಿ ಅದು ಕಾಣುತ್ತಾ ನೋಡಿ.

ಎಷ್ಟು ವರ್ಷಕ್ಕೆ ದುಡ್ಡು ವಾಪಸ್ ಅನ್ನುವ ಲೆಕ್ಕದಲ್ಲಿ ಯೂನಿಟ್‌ಗೆ ಎಂಟು ರೂಪಾಯಿ ಹಿಡಿದು ತೋರಿಸಿದರೆ ನಂಬಬೇಡಿ. 2025-26ರ ದರದಲ್ಲಿ ಮನೆ ಬಳಕೆಗೆ ಯೂನಿಟ್‌ಗೆ ₹5.80, ಮೇಲೆ 36 ಪೈಸೆ ಸರ್‌ಚಾರ್ಜ್, ಮತ್ತೆ ತೆರಿಗೆ ಇತ್ತು. ₹6.70ರ ಆಸುಪಾಸು. ಆ ಲೆಕ್ಕದಲ್ಲಿ ನಿಮ್ಮ 320 ಯೂನಿಟ್‌ಗೆ ತಿಂಗಳಿಗೆ 2,100 ರೂಪಾಯಿ ಉಳಿಯುತ್ತದೆ. ಕಿಲೋವ್ಯಾಟ್‌ಗೆ ಇಷ್ಟು ಅಂತ ಇರುವ ನಿಗದಿತ ಶುಲ್ಕ (2025-26ರಲ್ಲಿ ₹145 ಇತ್ತು) ಸೋಲಾರ್ ಹಾಕಿದರೂ ಹೋಗುವುದಿಲ್ಲ, ಬಿಲ್ ಸೊನ್ನೆ ಆಗುತ್ತೆ ಅಂದುಕೊಳ್ಳಬೇಡಿ. 1.90 ಲಕ್ಷದಲ್ಲಿ ಸಬ್ಸಿಡಿ ಕಳೆದರೆ 1.12 ಲಕ್ಷ. ನಾಲ್ಕೂವರೆ ವರ್ಷ. 1.60ರದ್ದಾದರೆ ಮೂರೂಕಾಲು ವರ್ಷ ಅಂತ ಕಾಗದ ಹೇಳುತ್ತದೆ. ನನ್ನ ಕಾಗದವೂ ಹಾಗೇ ಹೇಳಿತ್ತು.

ಬ್ಯಾಟರಿ ಬಗ್ಗೆಯೂ ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಬೇಡ. ಕರೆಂಟು ಹೋದಾಗ ಆನ್‌ಗ್ರಿಡ್ ಸೋಲಾರ್, ಅಂದರೆ ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೆ ಜೋಡಿಸಿದ್ದು, ಕೂಡ ನಿಲ್ಲುತ್ತದೆ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಅಪಾಯ ಆಗಬಾರದು ಅಂತ. ಅಷ್ಟು ಹೊತ್ತಿಗೆ ಮನೆಯಲ್ಲಿರುವ ಯುಪಿಎಸ್ ಸಾಕು. ಆ ದುಡ್ಡನ್ನು ಸ್ಟ್ರಕ್ಚರ್‌ಗೆ ಹಾಕಿ.

ನಿಮ್ಮ ತಾರಸಿಯ ದಕ್ಷಿಣಕ್ಕೆ ಏನಿದೆ, ಎಷ್ಟು ಎತ್ತರ, ಪ್ಯಾನೆಲ್ ಎಷ್ಟು ದೂರಕ್ಕೆ ಬರುತ್ತದೆ ಅಂತ ಅಳೆದು ಇಲ್ಲಿ ಬರೆಯಿರಿ. ಡಿಸೆಂಬರ್ ನೆರಳು ಎಲ್ಲಿಗೆ ಬರುತ್ತೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಅಷ್ಟರವರೆಗೆ ಇಬ್ಬರಿಗೂ ಮುಂಗಡ ಕೊಡಬೇಡಿ. ಮನೆಯಲ್ಲಿ ತಾರಸಿ ಮೇಲೆ ಬಟ್ಟೆ, ಹಪ್ಪಳ ಒಣಹಾಕುವವರು ಯಾರಿದ್ದಾರೋ ಅವರನ್ನೂ ಇವತ್ತೇ ಕೇಳಿ.