ಪ್ರವಾಸದ ಟಿಪ್ಪಣಿಯಿಂದ ಮೊದಲ ಕಾದಂಬರಿಗೆ

ಓದುಗರ ಪತ್ರ

ನಾನು ರಾಜಾಜಿನಗರದವಳು, ಕೆಲಸ ಬ್ಯಾಂಕಿನಲ್ಲಿ. ಕಳೆದ ಜುಲೈ ಕೊನೆಯಲ್ಲಿ ಗೆಳತಿಯರ ಜೊತೆ ಮೂರು ದಿನ ಸಾಗರ, ಸಿಗಂದೂರು, ಜೋಗ ಸುತ್ತಿ ಬಂದೆ. ಚಿಕ್ಕವಳಿದ್ದಾಗ ಲಾಂಚಿನಲ್ಲಿ ದಾಟಿದ್ದ ಶರಾವತಿ ಹಿನ್ನೀರನ್ನು ಈ ಸಲ ಹೊಸ ಸೇತುವೆ ಮೇಲೆ ಕಾರಿನಲ್ಲಿ ದಾಟಿದೆ. ಬಂದಾಗಿನಿಂದ ಕಾದಂಬರಿ ಬರೆಯಲೇಬೇಕು ಅನ್ನಿಸುತ್ತಿದೆ. ಮೊದಲ ಅಧ್ಯಾಯ ಬರೆದು ಜೊತೆಗಿಟ್ಟಿದ್ದೇನೆ. ಎರಡನೆಯದು ಮೇಲೇಳುತ್ತಲೇ ಇಲ್ಲ. ಇದು ಕಾದಂಬರಿಗೆ ಒದಗುವ ವಸ್ತುವೇ, ಇಲ್ಲ ಪ್ರವಾಸ ಕಥನ ಬರೆದು ಸುಮ್ಮನಾಗಲೇ?

ಸಂಪಾದಕರ ಉತ್ತರ

ಅಧ್ಯಾಯವನ್ನು ಪೂರ್ತಿ ಓದಿದೆವು. ವಸ್ತು ಇದೆ, ಒಂಬತ್ತನೇ ಪುಟದಲ್ಲಿದೆ. ನೀವು ಅದನ್ನು ದಾಟಿಕೊಂಡು ಮುಂದೆ ಹೋಗಿಬಿಟ್ಟಿದ್ದೀರಿ.

ನಿಮ್ಮ ನಾಯಕಿ ಬೆಂಗಳೂರಿನಿಂದ ಹೊರಟು ಇಕ್ಕೇರಿಯ ಅಘೋರೇಶ್ವರನನ್ನು ನೋಡುತ್ತಾಳೆ, ವರದಹಳ್ಳಿಗೆ ಹೋಗುತ್ತಾಳೆ, ಹೊಳೆಬಾಗಿಲಿಗೆ ಬಂದು ಸೇತುವೆ ದಾಟುತ್ತಾಳೆ. ಹೋದಲ್ಲೆಲ್ಲ ಅವಳ ಮನಸ್ಸು ತುಂಬಿ ಬರುತ್ತದೆ. ತುಮರಿಯ ಹತ್ತಿರ ಉಳಿದುಕೊಂಡ ಮನೆಯಲ್ಲಿ ಒಬ್ಬ ಅಜ್ಜಿ, ಮಾತಿನ ನಡುವೆ ಬಾಗಿಲಿನ ಕಡೆ ಕೈ ತೋರಿಸಿ, ‘ನಮ್ಮ ಹಳೇ ಮನೆ ಅಲ್ಲೇ, ನೀರಿನಡಿ’ ಅನ್ನುತ್ತಾಳೆ. ನಾಯಕಿ ‘ಅಯ್ಯೋ’ ಅಂದು, ಮಳೆ ನಿಂತಿತೆಂದು ಫೋಟೊ ತೆಗೆಯಲು ಹೊರಗೆ ಹೋಗುತ್ತಾಳೆ. ಅಜ್ಜಿ ಮತ್ತೆ ಬರುವುದೇ ಇಲ್ಲ.

ಎರಡನೇ ಅಧ್ಯಾಯ ಏಳದಿರುವುದಕ್ಕೆ ಕಾರಣ ಇಲ್ಲೇ ಇದೆ. ಪ್ರವಾಸ ಮುಗಿದರೆ ನಾಯಕಿಗೆ ಮಾಡಲು ಕೆಲಸವಿಲ್ಲ. ಅವಳಿಗೆ ಅಲ್ಲಿ ಏನೂ ಬೇಕಿರಲಿಲ್ಲ, ಏನನ್ನೂ ಕಳೆದುಕೊಳ್ಳಲೂ ಇಲ್ಲ. ನೋಡಿ ಬಂದವರ ಬೆರಗು ಹತ್ತು ಹನ್ನೆರಡು ಪುಟ ನಡೆಯುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. ನಮಗೆ ಬರುವ ಮೊದಲ ಕಾದಂಬರಿಗಳಲ್ಲಿ ಪ್ರವಾಸದಿಂದ ಹುಟ್ಟಿದವು ಬಹುಪಾಲು ನಿಲ್ಲುವುದು ಇದೇ ಜಾಗದಲ್ಲಿ: ಹೋದ ದಾರಿಯೇ ಕಥೆಯ ದಾರಿ, ಬಸ್ಸು ಇಳಿದ ಕಡೆಯೆಲ್ಲ ಒಂದು ವರ್ಣನೆ, ಊರಿನವರು ಗೈಡುಗಳ ಹಾಗೆ ಇತಿಹಾಸ ಒಪ್ಪಿಸುತ್ತಾರೆ. ದಾರಿಯ ಮೇಲೆಯೇ ನಡೆಯುವ ಕಾದಂಬರಿ ಬರೆಯಬಾರದೆಂದಲ್ಲ. ಹಾಗೆ ಬರೆಯುವುದಾದರೆ ಹೊರಟವರಿಗೆ ವಾಪಸು ಹೋಗಲಾಗದ ಕಾರಣವೊಂದು ಇರಬೇಕು. ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಹಾಜರಾಗುವವರಿಗೆ ಅದಿಲ್ಲ.

ಆದ್ದರಿಂದ ನಾಯಕಿಯನ್ನು ಕೈಬಿಡಿ. ಇದು ಕಷ್ಟದ ಮಾತು, ಅವಳು ನೀವೇ ಎಂಬುದು ಓದಿದವರಿಗೆ ಗೊತ್ತಾಗುತ್ತದೆ. ಅವಳ ಬದಲು, ಆ ಸೇತುವೆಯಿಂದ ಬದುಕು ಅತ್ತಿತ್ತಾದ ಒಬ್ಬರನ್ನು ಹಿಡಿಯಿರಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಸಂಜೆಯ ಕಡೇ ಲಾಂಚ್ ತಪ್ಪಿದರೆ ರಾತ್ರಿ ಅಲ್ಲೇ ಉಳಿಯಬೇಕಿತ್ತು, ಇಲ್ಲವೇ ಹಿನ್ನೀರನ್ನು ಸುತ್ತು ಹಾಕಿಕೊಂಡು ಹೋಗಬೇಕಿತ್ತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಇಷ್ಟು ಕಷ್ಟ ಕೊಟ್ಟ ಲಾಂಚನ್ನೇ ನಂಬಿಕೊಂಡು ಎರಡೂ ದಡದಲ್ಲಿ ಚಹಾದಂಗಡಿ, ಹೂವು ಹಣ್ಣಿನ ಅಂಗಡಿ ಇಟ್ಟವರೂ ಇದ್ದರು. ಕಾರುಗಳು ಸಾಲಾಗಿ ನಿಂತಷ್ಟು ಹೊತ್ತು ವ್ಯಾಪಾರ. ಈಗ ಕಾರು ನಿಲ್ಲುವುದಿಲ್ಲ. ಊರಿಗೆ ಒಳ್ಳೆಯದಾದದ್ದೇ ಒಂದು ಮನೆಗೆ ಹೊಡೆತವಾಯಿತು ಅಂದುಕೊಳ್ಳಿ. ಆ ಮನೆಯಲ್ಲೇ ನಿಮ್ಮ ಅಜ್ಜಿಯೂ ಇದ್ದರೆ? ಕರೆಂಟಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ ಕಳೆದುಕೊಂಡವಳ ಮಗನೋ ಮೊಮ್ಮಗಳೋ ಸೇತುವೆಗೆ ಅಂಗಡಿ ಕಳೆದುಕೊಂಡರೆ? ಇದು ನಮ್ಮ ಊಹೆ ಅಷ್ಟೆ, ನಿಮಗೆ ಬೇರೆ ಹೊಳೆಯಬಹುದು.

ಇನ್ನು ಲೆಕ್ಕದ ವಿಷಯ. ಅಜ್ಜಿಗೆ 65 ವರ್ಷ ಎಂದು ಬರೆದಿದ್ದೀರಿ. ಮದುವೆಯಾಗಿ ಕಾಲಿಟ್ಟ ಮನೆ ಲಿಂಗನಮಕ್ಕಿಯಲ್ಲಿ ಮುಳುಗಿತು ಎಂದೂ ಅವಳ ಬಾಯಲ್ಲಿ ಹೇಳಿಸಿದ್ದೀರಿ. ಅಣೆಕಟ್ಟು ಮುಗಿದದ್ದು 1964ರಲ್ಲಿ. 2025ಕ್ಕೆ 65 ಅಂದರೆ ಆಗ ಅವಳಿಗೆ ನಾಲ್ಕು ವರ್ಷ. ಹದಿನಾರಕ್ಕೆ, 1963ರಲ್ಲಿ ಮದುವೆ ಅಂತಿಟ್ಟುಕೊಂಡರೂ 2025ಕ್ಕೆ 78 ಆಗಬೇಕು. ಒಂದು ಹಾಳೆಯಲ್ಲಿ ಅಡ್ಡಕ್ಕೆ ವರ್ಷಗಳು, ಉದ್ದಕ್ಕೆ ಮನೆಯ ಒಬ್ಬೊಬ್ಬರ ಹೆಸರು ಬರೆದು, ಯಾವ ವರ್ಷ ಯಾರಿಗೆ ಎಷ್ಟು ವಯಸ್ಸು ಎಂದು ತುಂಬಿ. ಎರಡು ಗಂಟೆಯ ಕೆಲಸ. ಇದನ್ನು ಮಾಡದೆ ನೂರು ಪುಟ ಬರೆದವರು ಆಮೇಲೆ ನೂರೂ ಪುಟ ತಿದ್ದುತ್ತಾರೆ.

ಅದಕ್ಕಿಂತ ದೊಡ್ಡ ತೊಡಕು ಅಡಿಕೆಯದು. ಜುಲೈ ಮಳೆಯಲ್ಲಿ ಅಂಗಳದ ತುಂಬ ಹಸಿ ಅಡಿಕೆ ಸುಲಿಯುತ್ತಿದ್ದಾರೆ, ಪಕ್ಕದಲ್ಲಿ ಹಂಡೆ ಕುದಿಯುತ್ತಿದೆ. ಸಾಗರದ ಕಡೆಯವರು ಈ ಪುಟಕ್ಕೇ ಪುಸ್ತಕ ಮುಚ್ಚಿಡುತ್ತಾರೆ. ಕೊಯ್ಲು ಶುರುವಾಗುವುದು ದೀಪಾವಳಿಯ ಆಸುಪಾಸಿಗೆ. ಅಡಿಕೆ ಕೊನೆ (ಗೊನೆ) ಇಳಿಸಿ, ಮೆಟ್ಟುಗತ್ತಿಯಲ್ಲಿ ಸುಲಿದು, ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ ಬೇಯಿಸಿ, ಬಿಸಿಲಿಗೆ ಹರವಬೇಕು. ಬಿಸಿಲಿಲ್ಲದ ಕಾಲದಲ್ಲಿ ಈ ಕೆಲಸ ಯಾರೂ ಹಚ್ಚಿಕೊಳ್ಳುವುದಿಲ್ಲ. ಚಾಲಿಯನ್ನು, ಅಂದರೆ ಬೇಯಿಸದೆ ಸಿಪ್ಪೆ ಸಮೇತ ಒಣಗಿಸಿಟ್ಟ ಹಣ್ಣಡಿಕೆಯನ್ನು ಮಳೆಗಾಲದಲ್ಲಿ ಸುಲಿಯುವುದುಂಟು, ಆದರೆ ಅದಕ್ಕೆ ಹಂಡೆ ಬೇಡ. ನೀವು ಬಹುಶಃ ಎರಡು ಬೇರೆ ಬೇರೆ ನೆನಪುಗಳನ್ನು ಒಂದೇ ಅಂಗಳಕ್ಕೆ ತಂದಿದ್ದೀರಿ.

ಜುಲೈ ನಿಮಗೆ ಬೇಕೇ ಬೇಕು ಅಂದರೆ ತೋಟದಲ್ಲಿ ಆಗ ನಡೆಯುವುದು ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗದ ಜೊತೆ ಗುದ್ದಾಟ. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, 40–45 ದಿನದ ಮೇಲೆ ಇನ್ನೊಂದು ಸಲ ಹೊಡೆಯಬೇಕು. 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸುತ್ತಾರೆ. ಕಬ್ಬಿಣದ ಪಾತ್ರೆ ಆಗದು. ಹದ ನೋಡಲು ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಅದ್ದುತ್ತಾರೆ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಈಗ ಕಥೆಗಾರಳಾಗಿ ಯೋಚಿಸಿ: ಎರಡನೇ ಔಷಧಿಯ ದಿನ ಬಂದಿದೆ, ವಾರದಿಂದ ಮಳೆ ಬಿಟ್ಟಿಲ್ಲ, ಮರ ಜಾರುತ್ತದೆ, ಹತ್ತುವವನು ಇನ್ನೊಬ್ಬರ ತೋಟಕ್ಕೆ ಮಾತು ಕೊಟ್ಟಿದ್ದಾನೆ, ಸಣ್ಣ ಕಾಯಿ ಉದುರಲು ಶುರುವಾಗಿದೆ. ನೀವು ಮಳೆಯ ಮೇಲೆ ಬರೆದ ಒಂದೂವರೆ ಪುಟದ ವರ್ಣನೆಗಿಂತ ಈ ಮಳೆ ಹೆಚ್ಚು ಕೆಲಸ ಮಾಡುತ್ತದೆ, ಇದರಿಂದ ಒಬ್ಬರಿಗೆ ನಷ್ಟವಿದೆ.

ಇಂಥದು ಮೂರು ದಿನದ ಪ್ರವಾಸದಲ್ಲಿ ಸಿಕ್ಕುವುದಿಲ್ಲ, ಇನ್ನೊಮ್ಮೆ ಹೋಗಬೇಕು. ಮೊದಲ ಸಲ ಹೋದದ್ದು ಆಸೆ ಹುಟ್ಟುವುದಕ್ಕೆ, ಎರಡನೇ ಸಲ ಪ್ರಶ್ನೆ ಹಿಡಿದುಕೊಂಡು ಹೋಗುವುದು. ಭೈರಪ್ಪನವರು ‘ಪರ್ವ’ಕ್ಕಾಗಿ ಹಿಮಾಲಯದ ಸೀಮೆಗೂ ದ್ವಾರಕೆಗೂ ತಿರುಗಿದ್ದು ಏನು ಬೇಕೆಂಬುದು ತಲೆಯಲ್ಲಿ ಗಟ್ಟಿಯಾದ ಮೇಲೆ. ಹೊರಡುವ ಮೊದಲು ನಿಮಗೆ ಉತ್ತರ ಗೊತ್ತಿಲ್ಲದ ಮೂವತ್ತು ಪ್ರಶ್ನೆ ಬರೆದುಕೊಳ್ಳಿ. ‘ಮುಳುಗಡೆಯ ನೋವು ಹೇಳಿ’ ಎಂದು ಕೇಳಿದರೆ ಹತ್ತು ಜನಕ್ಕೆ ಹೇಳಿ ಹೇಳಿ ಸವೆದ ಮಾತೇ ಬರುತ್ತದೆ. ಸಣ್ಣದು ಕೇಳಿ: ಸಂತೆಗೆ ಯಾವ ಊರಿಗೆ ಹೋಗುತ್ತಿದ್ದಿರಿ? ಮನೆ ಬಿಡುವಾಗ ಬಾಗಿಲು, ತೊಲೆ ಬಿಚ್ಚಿಕೊಂಡು ಬಂದಿರಾ? ದನ ಏನಾದವು? ಹೆರಿಗೆಗೆ ಎಲ್ಲಿಗೆ ಒಯ್ಯುತ್ತಿದ್ದರು? ಕರೆಂಟಿಗಾಗಿ ಊರು ಬಿಟ್ಟವರ ಮನೆಗೆ ಕರೆಂಟ್ ಬಂದದ್ದು ಯಾವ ವರ್ಷ? ಹಕ್ಕುಪತ್ರ ಕೈಗೆ ಬಂತೇ?

ಹೋಗುವ ಕಾಲ ನೀವು ಬರೆಯುವುದನ್ನು ನೋಡಿಕೊಂಡು. ಕೊಯ್ಲು ಬೇಕಿದ್ದರೆ ಡಿಸೆಂಬರ್. ಮುಳುಗಿದ ನೆಲ ಕಾಣಬೇಕಿದ್ದರೆ ಮೇ ಕೊನೆ, ಆಗ ನೀರು ತಳ ಹಿಡಿದು ಹಳೆಯ ಮರದ ಬೊಡ್ಡೆಗಳು ಏಳುತ್ತವೆ, ತೀರ ಇಳಿದ ವರ್ಷ 1964ಕ್ಕಿಂತ ಹಿಂದಿನ ಹಿರೇಭಾಸ್ಕರ ಅಣೆಕಟ್ಟೂ ಕಾಣಿಸಿಕೊಳ್ಳುತ್ತದೆ. ಐದು ಊರು ಬೇಡ, ಒಂದೇ ಊರಲ್ಲಿ ಆರೇಳು ದಿನ ಇರಿ. ತಾಳಗುಪ್ಪದ ರಾತ್ರಿ ರೈಲಿಗೆ ಸಾಗರ ಜಂಬಗಾರಿನಲ್ಲಿ ಇಳಿದು, ಅಲ್ಲಿಂದ ಕಾರು ಮಾಡದೆ ಬಸ್ಸಿನಲ್ಲಿ ಹೋಗಿ. ಅದೇ ಬಸ್ಸಿನಲ್ಲಿ ಎರಡು ಮೂರು ಸಲ ಓಡಾಡಿದರೆ ಯಾರ ಪಕ್ಕ ಯಾರು ಕೂರುತ್ತಾರೆ, ಯಾರು ಕೂರುವುದಿಲ್ಲ ಎಂಬುದು ತಾನಾಗಿ ಗೊತ್ತಾಗುತ್ತದೆ. ಕಾದಂಬರಿಗೆ ಇದು ಜೋಗದ ನಾಲ್ಕು ಕವಲಿಗಿಂತ ಹೆಚ್ಚು ಬೇಕಾದದ್ದು.

ಟಿಪ್ಪಣಿಗೆ ಕಿಸೆಗೆ ಹಿಡಿಯುವ ಪುಸ್ತಕ ಸಾಕು. ಜೆಲ್ ಪೆನ್ನು ಮಲೆನಾಡಿನ ತೇವಕ್ಕೆ ಹರಡುತ್ತದೆ, ಬಾಲ್ ಪೆನ್ನು ಅಥವಾ ಪೆನ್ಸಿಲ್ ಒಯ್ಯಿರಿ. ಎಡಪುಟದಲ್ಲಿ ಕಂಡದ್ದು ಕೇಳಿದ್ದು ಮಾತ್ರ, ದಿನಾಂಕ ಹೊತ್ತಿನ ಸಮೇತ. ನಿಮಗೆ ಅನ್ನಿಸಿದ್ದಕ್ಕೆ ಬಲಪುಟ. ಎರಡೂ ಕಲೆತರೆ ಆರು ತಿಂಗಳ ಮೇಲೆ ಯಾವುದು ನಡೆದದ್ದು, ಯಾವುದು ನಿಮ್ಮ ಭಾವನೆ ಎಂದು ಬಿಡಿಸಲಾಗದು. ರಾತ್ರಿ ಮಲಗುವ ಮುನ್ನ ಅರೆಬರೆ ಸಾಲುಗಳನ್ನು ಪೂರ್ತಿ ಮಾಡಿ, ಒಂದು ದಿನ ಬಿಟ್ಟರೂ ಮಾತಿನ ಧಾಟಿ ಹೋಗಿ ತಾತ್ಪರ್ಯ ಮಾತ್ರ ಉಳಿಯುತ್ತದೆ. ಸೂರ್ಯಾಸ್ತದ ಫೋಟೊ ನಿಮ್ಮ ಬಳಿ ಬೇಕಾದಷ್ಟಿದೆ. ಈ ಸಲ ಬಸ್ಸಿನ ವೇಳಾಪಟ್ಟಿ, ಹೋಟೆಲಿನ ದರಪಟ್ಟಿ, ಸೊಸೈಟಿಯ ಬೋರ್ಡು, ಅಡುಗೆಮನೆಯ ಕಪಾಟು ಇವುಗಳ ಫೋಟೊ ತೆಗೆಯಿರಿ. ಬಸ್ ಟಿಕೆಟನ್ನೂ ಅಂದೇ ಫೋಟೊ ತೆಗೆದುಕೊಳ್ಳಿ, ಮಷಿನ್ನಿನ ಟಿಕೆಟ್ ಶಾಖಕ್ಕೆ ಕಪ್ಪಾಗುವ ಕಾಗದದ್ದು, ಕೆಲವು ತಿಂಗಳಲ್ಲಿ ಬೆಳ್ಳಗಾಗಿಬಿಡುತ್ತದೆ. ಮಾತು ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡಿ.

ಉಳಿದ ಸಾಮಗ್ರಿಗೆ ಬೆಂಗಳೂರು ಬಿಡಬೇಕಿಲ್ಲ. 1975ರ ಶಿವಮೊಗ್ಗ ಜಿಲ್ಲಾ ಗೆಜೆಟಿಯರ್ ಅಣೆಕಟ್ಟಾಗಿ ಹತ್ತು ವರ್ಷದ ಚಿತ್ರ ಕೊಡುತ್ತದೆ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲೋ ಬಸವನಗುಡಿಯ ಗೋಖಲೆ ಸಂಸ್ಥೆಯಲ್ಲೋ ವಿಚಾರಿಸಿ. ಸರ್ಕಾರಿ ಕಡತಗಳಿಗೆ ವಿಕಾಸಸೌಧದ ರಾಜ್ಯ ಪತ್ರಾಗಾರ. ನಕ್ಷೆಯಲ್ಲಿ ಒಂದು ಎಚ್ಚರ: ಈಗಿನ 1:50,000 ನಕ್ಷೆಯಲ್ಲಿ ಆ ಜಾಗವೆಲ್ಲ ಬರೀ ನೀಲಿ. ಮುಳುಗಿದ ಊರುಗಳ ಹೆಸರು, ಗಾಡಿದಾರಿ, ಹಳ್ಳ ಬೇಕಿದ್ದರೆ ಒಂದು ಮೈಲಿಗೆ ಒಂದು ಇಂಚಿನ ಹಳೆಯ ಸರ್ವೆ ನಕ್ಷೆ ಹುಡುಕಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಅಜ್ಜಿ ತವರಿಗೆ ನಡೆದು ಹೋಗುತ್ತಿದ್ದ ದಾರಿ ಯಾವುದೆಂದು ಬೆರಳಿಟ್ಟು ತೋರಿಸಬಹುದು.

ಈ ನೀರಿನ ಬಗ್ಗೆ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಬರೆದಿದ್ದಾರೆ. ಅವರು ಲೋಕೋಪಯೋಗಿ ಇಲಾಖೆಯಲ್ಲಿದ್ದುಕೊಂಡು ಹತ್ತಿರದಿಂದ ಕಂಡವರು. ಓದದೆ ಬರೆದರೆ ಅವರು ಹೇಳಿದ್ದನ್ನೇ ತೆಳುವಾಗಿ ಹೇಳುವ ಅಪಾಯವಿದೆ. ಓದಿದರೆ ನಿಮ್ಮ ಕಥೆ ಸೇತುವೆಯಿಂದ ಶುರುವಾಗಬೇಕು ಎಂಬುದು ಸ್ಪಷ್ಟವಾಗುತ್ತದೆ.

ಭಾಷೆಗೆ ಬರೋಣ. ಆ ಕಡೆಯ ಹವ್ಯಕ ಸಮುದಾಯದ ಮಾತೂ ದೀವರ ಸಮುದಾಯದ ಮಾತೂ ಒಂದೇ ಅಲ್ಲ, ನಿಮ್ಮ ಅಧ್ಯಾಯದಲ್ಲಿ ಎಲ್ಲರೂ ‘ಎಂತ ಮಾರಾಯ್ತಿ’ ಅನ್ನುತ್ತಾರೆ. ಬಾಯಿಗೆ ಬಾರದ ಉಪಭಾಷೆಯನ್ನು ಪುಟಗಟ್ಟಲೆ ಬರೆಯಬೇಡಿ. ಸಾದಾ ಕನ್ನಡದಲ್ಲಿ ಬರೆದು, ಕ್ರಿಯಾಪದ ಸಂಬೋಧನೆಗಳಲ್ಲಿ ಮಾತ್ರ ಆ ಮನೆಯ ರೂಪ ಉಳಿಸಿಕೊಂಡು, ಅದನ್ನು ಕೊನೆಯವರೆಗೆ ಒಂದೇ ಸಮ ಕಾಪಾಡಿ. ಆ ಮನೆಯ ಭಾಷೆ ಆಡುವ ಒಬ್ಬರಿಂದ ಸಂಭಾಷಣೆಯಷ್ಟನ್ನೇ ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದ ಕಡೆ ಗುರುತು ಹಾಕಿ.

ಊರಿಗೆ ಕಲ್ಪಿತ ಹೆಸರಿಡಿ, ತಾಲ್ಲೂಕು ಪೇಟೆ ನದಿ ನಿಜದ್ದೇ ಇರಲಿ. ನಿಜವಾದ ಹಳ್ಳಿಯನ್ನು ತಂದರೆ ಅಲ್ಲಿ ಇಷ್ಟೇ ಮನೆ, ಇಂಥದೇ ಜಾತಿ, ಇಂಥವರೇ ಪಂಚಾಯ್ತಿ ಸದಸ್ಯರು ಎಂದು ಕೈ ಕಟ್ಟಿಹೋಗುತ್ತದೆ. ಜನರ ವಿಷಯದಲ್ಲಂತೂ ಹೆಸರು ಬದಲಿಸಿದರೆ ಸಾಲದು. ಇಪ್ಪತ್ತು ಮನೆಯ ಊರಿನಲ್ಲಿ ‘ಲಾಂಚಿನ ಹತ್ತಿರ ಅಂಗಡಿಯಿಟ್ಟ, ಎರಡು ಹೆಣ್ಣು ಮಕ್ಕಳ ವಿಧವೆ’ ಅಂದರೆ ಯಾರೆಂದು ಮಗುವೂ ಹೇಳುತ್ತದೆ. ಕಸುಬು, ಮಕ್ಕಳು, ಮನೆಯಿರುವ ದಿಕ್ಕು ಇವುಗಳಲ್ಲೂ ಎರಡನ್ನಾದರೂ ಬದಲಿಸಿ.

ಗಾತ್ರ ಎಷ್ಟು ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇವೆ. ಡೆಮಿ ಅಷ್ಟದಳದ ಇನ್ನೂರು ಪುಟಕ್ಕೆ ಸುಮಾರು 45,000 ಪದ ಹಿಡಿಯುತ್ತದೆ. ವಾರಕ್ಕೆ ಐದು ದಿನ, ದಿನಕ್ಕೆ 300 ಪದ ಬರೆದರೆ ಮೂವತ್ತು ವಾರದಲ್ಲಿ ಮೊದಲ ಕರಡು ಮುಗಿಯುತ್ತದೆ. ಅಷ್ಟರಲ್ಲಿ ಹಿಂದಿನದನ್ನು ತಿದ್ದುತ್ತ ಕೂರಬೇಡಿ. ಬ್ಯಾಂಕಿನ ಕೆಲಸದ ಜೊತೆ ಇದಕ್ಕಿಂತ ಹೆಚ್ಚು ಹಾಕಿಕೊಂಡವರು ಮಾರ್ಚ್ ಬಂದಾಗ ಬಿಟ್ಟುಬಿಡುತ್ತಾರೆ.

ಮೂರು ಅಧ್ಯಾಯವಾದ ಮೇಲೆ ನಮಗೆ ಕಳಿಸಿ, ಓದುತ್ತೇವೆ. ಯೂನಿಕೋಡಿನಲ್ಲೇ ಟೈಪ್ ಮಾಡಿ, ಹಳೆಯ ನುಡಿ ಫಾಂಟಿನಿಂದ ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ದಿಕ್ಕಾಪಾಲಾಗಿರುತ್ತವೆ. ಈಗ ಕಳಿಸಿರುವ ಅಧ್ಯಾಯದಲ್ಲಿ ಅಜ್ಜಿಯ ಹೆಸರು, ಮನೆತನದ ಹೆಸರು ನಿಜದ್ದೇ ಇದ್ದಂತಿದೆ. ಬೇರೆ ಯಾರಿಗಾದರೂ ಓದಲು ಕೊಡುವ ಮುಂಚೆ ಅವನ್ನು ತೆಗೆಯಿರಿ.