ನಮ್ಮ ಜಾಗಕ್ಕೆ ನಾವು ಮಣ್ಣು ಹಾಕಿದ್ರೆ ಯಾರಿಗೇನು ಕಷ್ಟ?

ಪ್ರ: ಹೊಳೆ ಪಕ್ಕ ನಮ್ದೊಂದು ಎಕರೆ ತಗ್ಗು ಜಾಗ ಇದೆ ಸರ್. ಮಣ್ಣು ತುಂಬಿಸಿ ಲೆವೆಲ್ ಮಾಡಿಸಿ ಮನೆ ಕಟ್ಟೋಣ ಅಂತಿದ್ವಿ, ಅಷ್ಟರಲ್ಲಿ ಸ್ಥಳೀಯ ಆಡಳಿತದವರು ಹೊಸ ಕರಡು ನಿಯಮ ತಂದಿದಾರೆ, ಒಂದು ಟಿಪ್ಪರ್ ಮಣ್ಣು ಸುರಿಯೋಕೂ ಪರ್ಮಿಷನ್ ಬೇಕಂತೆ. ಸಭೇಲಿ ದೊಡ್ಡ ಜಗಳಾನೇ ಆಯ್ತು. ಸ್ವಂತ ಜಾಗಕ್ಕೂ ಇವರನ್ನ ಕೇಳ್ಬೇಕಾ?

ಉ: ಕೇಳ್ಬೇಕು. ಜಾಗ ನಿಮ್ದೇ, ಆದ್ರೆ ನೆರೆ ಬಂದಾಗ ಅಲ್ಲಿ ಬಂದು ನಿಲ್ಲೋ ನೀರು ನಿಮ್ದಲ್ಲ ನೋಡಿ. ಒಂದು ಎಕರೆಗೆ ಮೂರಡಿ ಮಣ್ಣು ತುಂಬಿಸಿದ್ರೆ ಹತ್ತಿರ ಹತ್ತಿರ 37 ಲಕ್ಷ ಲೀಟರ್ ನೀರಿನ ಜಾಗ ಹೋಯ್ತು ಅಂತ ಲೆಕ್ಕ, ಅಷ್ಟು ನೀರು ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ, ಎದುರು ದಡದೋರ ಮನೆಗೋ ಕೆಳಗಡೆಯೋರ ಹೊಲಕ್ಕೋ ಹೋಗುತ್ತೆ. ಸಭೇಲಿ ನಿಮ್ಮ ಕಡೆಯೋರು "ನಮ್ಮೊಬ್ಬರ ಮಣ್ಣಿಂದ ಹೊಳೆ ಮಟ್ಟ ಕೂದಲೆಳೆಯಷ್ಟೂ ಏರಲ್ಲ" ಅಂದಿರ್ತಾರೆ, ಅದು ಸುಳ್ಳೇನಲ್ಲ, ತೊಂದರೆ ಇರೋದೇ ಅಲ್ಲಿ. ಪ್ರತಿಯೊಬ್ಬರೂ ತಮ್ಮ ಕೂದಲೆಳೆ ಲೆಕ್ಕ ಮಾತ್ರ ತೋರಿಸ್ತಾರೆ, ಇಪ್ಪತ್ತು ಜನ ತುಂಬಿಸಿದ ಮೇಲೆ ಒಟ್ಟು ಎಷ್ಟಾಯ್ತು ಅಂತ ಕೂಡಿಸೋರು ಯಾರೂ ಇರಲ್ಲ. ಅಮೆರಿಕದಲ್ಲಿ 1968ರಲ್ಲಿ ಶುರುವಾದ ರಾಷ್ಟ್ರೀಯ ಪ್ರವಾಹ ವಿಮೆ ಯೋಜನೆ ಇದೆಯಲ್ಲ, ಅದರ ನಿಯಮದಲ್ಲಿ ನೆರೆ ಪ್ರದೇಶದಲ್ಲಿ ಮಣ್ಣು ತುಂಬೋದು, ಅಗೆಯೋದು, ಮಟ್ಟ ಮಾಡೋದು ಎಲ್ಲದಕ್ಕೂ ಪರ್ಮಿಟ್ ಬೇಕು. ಆದ್ರೆ ಅಲ್ಲೂ ಮುಖ್ಯ ಹರಿವಿನ ದಾರಿ ಬಿಟ್ಟು ಅಂಚಿನ ಜಾಗ ತುಂಬಿಸೋಕೆ ಬಿಡ್ತಾರೆ, ಎಲ್ಲರೂ ತುಂಬಿಸಿದ್ರೂ ಮಟ್ಟ ಒಂದಡಿಗಿಂತ ಜಾಸ್ತಿ ಏರಬಾರದು ಅಂತ ಲೆಕ್ಕ ಹಾಕಿ ಆ ದಾರಿಯ ಅಗಲ ನಿಗದಿ ಮಾಡಿರ್ತಾರೆ. ಅಂದ್ರೆ ಒಂದಡಿ ಏರೋದನ್ನ ಮೊದಲೇ ಒಪ್ಪಿಕೊಂಡ ಹಾಗೆ! ಹೊಸ್ತಿಲ ತನಕ ನೀರು ಬರೋ ಮನೆಯೋರಿಗೆ ಒಂದಡಿ ಏನು ಕಮ್ಮೀನಾ? ಅದಕ್ಕೇ ಎಷ್ಟೋ ಊರಿನೋರು ಅಲ್ಲಿ ಇದಕ್ಕಿಂತ ಬಿಗಿ ನಿಯಮ ತಾವೇ ಮಾಡ್ಕೊಂಡಿದಾರೆ.

ಆದ್ರೂ ಒಂದು ಟಿಪ್ಪರ್ ವಿಷ್ಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಗಿಡದ ಪಾತಿಗೆ ಮಣ್ಣು ಹಾಕೋನೂ, ಐದೆಕರೆ ಎತ್ತರಿಸೋನೂ ಒಂದೇ ಫಾರಂ ತುಂಬಬೇಕು ಅಂದ್ರೆ ಜನ ಕದ್ದುಮುಚ್ಚಿ ರಾತ್ರಿ ಹೊತ್ತು ಸುರೀತಾರೆ. ಹೊಳೆ ಹರಿವಿನ ದಾರೀಲಿ ಒಂದು ಬುಟ್ಟೀನೂ ಬೇಡ, ಅಂಚಿನಲ್ಲಿ ಇಷ್ಟರ ತನಕ ವಿನಾಯ್ತಿ ಕೊಡಿ ಅಂತ ಆಕ್ಷೇಪಣೆ ಬರೆದು ಕೊಡಿ, ಅದಕ್ಕೆ ಬೆಲೆ ಇರುತ್ತೆ.

ಪ್ರ: ತುಂಬಿಸಿದಷ್ಟೇ ಮಣ್ಣನ್ನ ಬೇರೆ ಕಡೆ ತೆಗೆದ್ರೆ ಸರಿಹೋಗುತ್ತೆ ಅಂತ ಬಿಲ್ಡರ್ ಹೇಳ್ತಾರೆ. ನಂಬಬಹುದಾ?

ಉ: ಐಡಿಯಾ ಸರಿಯಾಗೇ ಇದೆ, ನನ್ನ ಕೇಳಿದ್ರೆ ಇಡೀ ನಿಯಮಾವಳಿಯ ಜೀವಾನೇ ಅದು. ಆದ್ರೆ ಕಾಗದದ ಮೇಲೆ ಘನ ಮೀಟರ್ ತಾಳೆ ಆದ್ರೆ ಸಾಲದು, ಎಷ್ಟು ಎತ್ತರದಲ್ಲಿ ತೆಗೆದ್ರು ಅಂತ ನೋಡ್ಬೇಕು. ಮೂಲೇಲೊಂದು ಆಳವಾದ ಹೊಂಡ ತೋಡಿ "ನೋಡಿ ಲೆಕ್ಕ ಸರಿ ಇದೆ" ಅಂತಾರೆ, ಆ ಹೊಂಡದಲ್ಲಿ ಮಳೆಗಾಲ ಶುರುವಾಗ್ತಿದ್ದ ಹಾಗೆ ಅಂತರ್ಜಲ ಬಂದು ನಿಂತಿರುತ್ತೆ, ನೆರೆ ಬರೋ ದಿನ ಒಂದು ಕೊಡ ನೀರಿಗೂ ಅಲ್ಲಿ ಜಾಗ ಇರಲ್ಲ. ಯಾವ ಮಟ್ಟದಿಂದ ಯಾವ ಮಟ್ಟದ ತನಕ ತುಂಬಿಸಿದಾರೋ ಅದೇ ಮಟ್ಟದಲ್ಲಿ ಕಡಿದು ತೆಗೀಬೇಕು, ಹೊಳೆ ಇಳಿದಾಗ ನೀರು ತಾನಾಗೇ ವಾಪಸ್ ಹರಿದು ಹೋಗೋ ಹಾಗಿರ್ಬೇಕು, ಮತ್ತೆ ಮಣ್ಣು ತುಂಬೋಕ್ಕಿಂತ ಮೊದಲೇ ಇದು ಮುಗಿದಿರ್ಬೇಕು. ಕೆಲಸ ಆದ ಮೇಲೆ ಸರ್ವೆ ಮಾಡಿಸಿದ ಮಟ್ಟಗಳನ್ನ ತೋರ್ಸಿ ಅಂತ ಕೇಳಿ, ಬರೀ ಮೊದಲಿನ ಪ್ಲಾನ್ ತೋರ್ಸಿದ್ರೆ ಒಪ್ಪಬೇಡಿ.

ಪ್ರ: ನೂರು ವರ್ಷದ ನೆರೆ ಮೊನ್ನೆ ಮೊನ್ನೆ ಬಂದು ಹೋಯ್ತಲ್ಲ, ಇನ್ನು ನಮ್ಮ ಕಾಲಕ್ಕೆ ಬರಲ್ಲ ಬಿಡಿ. ಮತ್ಯಾಕೆ ನಿಯಮ?

ಉ: ಹೊಳೆ ಹತ್ರ ಕ್ಯಾಲೆಂಡರ್ ಇಲ್ಲ ಸ್ವಾಮಿ. ನೂರು ವರ್ಷದ ನೆರೆ ಅಂದ್ರೆ ಪ್ರತಿ ವರ್ಷವೂ ಅಷ್ಟು ಬರೋ ಸಾಧ್ಯತೆ 1 ಪರ್ಸೆಂಟ್ ಅಂತ. ಮನೆ ಸಾಲ ತೀರೋ 30 ವರ್ಷದಲ್ಲಿ ಒಂದ್ಸಲನಾದ್ರೂ ಬರೋ ಸಾಧ್ಯತೆ 26 ಪರ್ಸೆಂಟ್ ಆಯ್ತು, ಅಂದ್ರೆ ನಾಲ್ಕರಲ್ಲಿ ಒಂದು. ಅದೂ ನೆರೆ ನೀರು ಎಲ್ಲಿ ತನಕ ಬರುತ್ತೆ ಅಂತ ಗೆರೆ ಎಳೆದಿರೋ ಮ್ಯಾಪ್ ಸರಿ ಇದ್ರೆ. ಹೊಳೆ ಹರಿದು ಬರೋ ಮೇಲ್ಗಡೆ ಊರುಗಳಲ್ಲಿ ಕಾಂಕ್ರೀಟ್ ಜಾಸ್ತಿ ಆಗಿ ಮಳೆ ನೀರು ಇಂಗದೇ ಹೋದ್ರೆ ಹಳೇ ಮ್ಯಾಪಿನ ಗೆರೆ ಉಪಯೋಗಕ್ಕೆ ಬರಲ್ಲ.

ಪ್ರ: ನಮ್ಮದು ಹೊಳೆಯಿಂದ ದೂರ. ಆದ್ರೆ ಪಕ್ಕದೋರು ಸೈಟ್ ಎತ್ತರಿಸಿದ ಮೇಲೆ ಅವರ ಮಳೆ ನೀರೆಲ್ಲಾ ನಮ್ಮ ಕಾಂಪೌಂಡಿಗೆ ಬರ್ತಿದೆ. ಇದಕ್ಕೂ ಆ ನಿಯಮ ಅನ್ವಯಿಸುತ್ತಾ?

ಉ: ಅದು ನೆರೆ ನಿಯಮಕ್ಕಿಂತ ಜಾಸ್ತಿ ಇಳಿಜಾರಿನ ನಿಯಮದ ಕೆಳಗೆ ಬರುತ್ತೆ. ಮನೆ ಗೋಡೆಯಿಂದ ಹೊರಗಡೆಗೆ ಮೊದಲ ಹತ್ತಡಿಯಲ್ಲಿ ಆರಿಂಚು ಇಳಿಜಾರು ಕೊಡ್ಬೇಕು ಅಂತ ಅಮೆರಿಕದ ಕಟ್ಟಡ ನಿಯಮಗಳಲ್ಲಿದೆ, ಒಳ್ಳೇದೇ, ಆದ್ರೆ ಆ ಹತ್ತಡಿ ಮುಗಿದಲ್ಲಿ ನಿಮ್ಮ ಗೋಡೆ ಶುರುವಾದ್ರೆ ಏನ್ಮಾಡೋದು? ನೀರು ಗಡಿ ದಾಟೋ ಮೊದಲೇ ಒಂದು ಕಾಲುವೆ ಮಾಡಿ ಚರಂಡಿಗೆ ತಿರುಗಿಸೋ ಜವಾಬ್ದಾರಿ ಎತ್ತರಿಸಿದೋರ ಮೇಲೆ ಇರ್ಬೇಕು, ಕರಡಿನಲ್ಲಿ ಈ ಮಾತು ಇಲ್ದಿದ್ರೆ ಸೇರಿಸೋಕೆ ಹೇಳಿ. ಸದ್ಯಕ್ಕೆ ಮೇಸ್ತ್ರಿ ಹತ್ರ ಲೆವೆಲ್ ಟ್ಯೂಬ್ ಇರುತ್ತಲ್ಲ, ಅದನ್ನ ಹಿಡಿದು ಎರಡೂ ಕಡೆ ಮಟ್ಟ ಗುರುತು ಹಾಕ್ಸಿ, ಮಳೆ ಬರುವಾಗಲೇ ವಿಡಿಯೋ ಮಾಡಿಟ್ಕೊಳ್ಳಿ. ಒಣಗಿದ ಮೇಲೆ ಎಲ್ರೂ ಅಮಾಯಕರೇ.

ಪ್ರ: ಇಷ್ಟೆಲ್ಲಾ ರಗಳೆ ಯಾಕೆ, ಹೊಳೆಗೆ ಎತ್ತರದ ಒಡ್ಡು ಕಟ್ಟಿದ್ರೆ ಮುಗೀತಲ್ವಾ?

ಉ: ಒಡ್ಡು ಕಟ್ಟೋದ್ರಲ್ಲಿ ನೆದರ್‌ಲ್ಯಾಂಡ್ಸ್‌ನೋರನ್ನ ಮೀರಿಸೋರಿಲ್ಲ. ಅಲ್ಲೇ 1995ರಲ್ಲಿ ನದಿ ಉಕ್ಕಿ ಒಡ್ಡು ಒಡೆಯೋ ಭಯಕ್ಕೆ ಸುಮಾರು ಎರಡೂವರೆ ಲಕ್ಷ ಜನರನ್ನ ಮನೆ ಬಿಡಿಸಬೇಕಾಯ್ತು. ಆಮೇಲೆ ಅವರು ಒಡ್ಡು ಎತ್ತರಿಸೋದೊಂದೇ ದಾರಿ ಅಂತ ಕೂರಲಿಲ್ಲ, ಮೂವತ್ತಕ್ಕೂ ಹೆಚ್ಚು ಕಡೆ ನದಿಗೇ ಜಾಗ ಬಿಟ್ಟುಕೊಟ್ರು, ನೈಮೇಗನ್ ಊರಿನ ಎದುರಿಗೆ ಒಡ್ಡನ್ನೇ 350 ಮೀಟರ್ ಹಿಂದಕ್ಕೆ ಸರಿಸಿದ್ರು. ಒಡ್ಡು ಇದೆ ಅನ್ನೋ ಧೈರ್ಯಕ್ಕೆ ಅದರ ಹಿಂದೆ ಇನ್ನೂ ಜಾಸ್ತಿ ಮನೆ ಎದ್ದೇಳುತ್ತೆ, ಒಡೆದ ದಿನ ನಷ್ಟಾನೂ ಜಾಸ್ತಿ. ಇರೋ ಊರನ್ನ ಕಾಪಾಡೋಕೆ ಒಡ್ಡು ಬೇಕಾಗಬಹುದು, ಇಲ್ಲ ಅನ್ನಲ್ಲ, ಆದ್ರೆ ಇನ್ನೂ ಖಾಲಿ ಇರೋ ತಗ್ಗನ್ನ ಸೈಟ್ ಮಾಡಿ ಮಾರೋಕೆ ಎಲ್ಲರ ತೆರಿಗೆ ದುಡ್ಡಲ್ಲಿ ಒಡ್ಡು ಯಾಕೆ ಕಟ್ಬೇಕು ಅಂತ ಮುಂದಿನ ಸಭೇಲಿ ಕೇಳಿ.